ಹರಿಹರದ ಆಪರೇಟರು, ಕೊಂಡಜ್ಜಿಯ ನಲವತ್ತೊಂದು ಫೋಟೋ

ಆಗ ನನಗೆ ಐವತ್ತೆಂಟು. ಹನ್ನೊಂದು ವರ್ಷದ ಹಿಂದಿನ ಮಾತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಹತ್ತಿರ ಒಂದು ಫೋಟೋ ಸ್ಟುಡಿಯೋದಲ್ಲಿ ಕಸ ಹೊಡೆದು, ನೆಲ ಒರೆಸಿ, ಚಹಾ ತಂದುಕೊಡುವ ಕೆಲಸ ನನ್ನದು. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ ಒಬ್ಬರ ವಿಷಯ ಹೇಳುತ್ತೇನೆ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನಾನು ಇದ್ದದ್ದು ಹೇಳುತ್ತೇನೆ. ಅಷ್ಟು ತಲೆ ತಿನ್ನುವ ಮನುಷ್ಯನನ್ನು ನಾನು ಕಂಡಿಲ್ಲ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸಾಕಿದವಳು ಈ ಮಾತು ಹೇಳುತ್ತಿದ್ದೇನೆ.

ಅವರ ಜೊತೆ ಕೆಲಸ ಮಾಡುವಾಗ ನನ್ನಿಂದ ಒಂದು ತಪ್ಪಾಯಿತು. ಕೊಂಡಜ್ಜಿ ಅನ್ನುವ ಊರಿನ ಒಬ್ಬ ಹೆಣ್ಣುಮಗಳ ಮದುವೆಯ ಫೋಟೋ, ನಲವತ್ತೊಂದು, ನನ್ನ ಬೆರಳಿನಿಂದ ಹೋದವು. ಅವಳಿಗೆ ಅವು ಕೋರ್ಟಿಗೆ ಬೇಕಾಗಿದ್ದವು. ಆ ತಪ್ಪು ಹೇಗಾಯಿತು ಅಂತ ತಿಳಿಯಬೇಕಾದರೆ ಮೊದಲು ಆ ಮನುಷ್ಯ ಎಂಥವರು ಅಂತ ತಿಳಿಯಬೇಕು.

ಹರಿಹರದವರು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರಂತೆ. ಅದು ಮುಚ್ಚಿದ ಮೇಲೆ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ನಮ್ಮ ಸ್ಟುಡಿಯೋದಲ್ಲಿ ಮದುವೆಯ ಫೋಟೋಗಳನ್ನು ಜೋಡಿಸಿಡುವ ಕೆಲಸ. ನನಗಿಂತ ಎರಡು ವರ್ಷ ದೊಡ್ಡವರು ಇರಬಹುದು. ಎಲ್ಲರೂ ಆಪರೇಟರು ಅನ್ನುತ್ತಿದ್ದೆವು. ಅವರ ಹತ್ತಿರ ಎಲ್ಲವೂ ಎರಡೆರಡು. ಒಂದು ಕೊಡೆ ಮನೆಯಲ್ಲಿ, ಒಂದು ಅಂಗಡಿಯಲ್ಲಿ. ಒಂದು ಕನ್ನಡಕ ಮೂಗಿನ ಮೇಲೆ, ಒಂದು ಚೀಲದಲ್ಲಿ. ಬಸ್ಸಿಗೆ ಬೇಕಾದ ಚಿಲ್ಲರೆ ಎಡಗಿಸೆಯಲ್ಲಿ ಅಷ್ಟು, ಬಲಗಿಸೆಯಲ್ಲಿ ಅಷ್ಟು. ಅಂಗಡಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಬೀಗ ಎಳೆದು ನೋಡುವರು. ನಾನು ಕೊಡೆ ಹಿಡಿದುಕೊಂಡು ಬೀದಿಯಲ್ಲಿ ನಿಂತಿರಬೇಕು.

"ಎಳದು ನೋಡಿದ್ರೆ ತಪ್ಪೇನಕ್ಕಾ?"

"ತಪ್ಪಿಲ್ರಿ. ನನ್ನ ಶಾಮನೂರು ಬಸ್ಸು ಹೋತು, ಅಷ್ಟೇ."

ಅವರು ನನ್ನನ್ನು ಅಕ್ಕಾ ಅನ್ನುವರು, ಮಾತಿನ ಕೊನೆಗೆ 'ರಿ' ಹಚ್ಚುವರು. ಆ ಅಂಗಡಿಯಲ್ಲಿ ನನಗೆ 'ರಿ' ಹಚ್ಚುತ್ತಿದ್ದವರು ಅವರೊಬ್ಬರೇ. ಆದರೆ ಬೈಯುವಾಗಲೂ 'ರಿ' ಹಚ್ಚುತ್ತಿದ್ದರು. ತಿರುಗಿ ಬೈಯುವುದಕ್ಕೇ ಆಗುತ್ತಿರಲಿಲ್ಲ.

ಮಂಡಕ್ಕಿ ಅಂದರೆ ಅವರಿಗೆ ವೈರಿ. ಸಂಜೆ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತರಿಸಿದರೆ ಇವರು ಕೀಬೋರ್ಡಿನ ಮೇಲೆ ಟವೆಲ್ಲು ಹೊದಿಸಿ, ಅದರ ಮೇಲೆ ಎರಡೂ ಕೈ ಇಟ್ಟು, ಕೂಸು ಕಾಯುವವರ ಹಾಗೆ ಕೂರುವರು. ಆದರೂ ಒಂದೆರಡು ಕಾಳು ಬಟನ್ನಿನ ಸಂದಿಗೆ ಬಿದ್ದೇ ಬೀಳುತ್ತಿದ್ದವು. ಮರುದಿನ ನಾನು ಕಸಬರಿಗೆಯ ಕಡ್ಡಿ ಮುರಿದು ಅದರಲ್ಲಿ ಎತ್ತಿ ತೆಗೆಯಬೇಕು. "ಆ ಕಡೆಯಿಂದ ಎತ್ರಿ, ಈ ಕಡೆಯಿಂದ ತಳ್ಳಬ್ಯಾಡ್ರಿ." ಮಂಡಕ್ಕಿ ಕಾಳು ಎತ್ತುವುದನ್ನೂ ನನಗೆ ಕಲಿಸಿದ ಮನುಷ್ಯ.

ಅಂಗಡಿಯಲ್ಲಿ ಡಿಗ್ರಿ ಓದಿದ ಇಬ್ಬರು ಇದ್ದರು. ಅವರ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ, ಮೌಸು ಹಿಡಿದು ಎಳೆದು ಬಿಡುವರು. ಇವರ ಪರದೆ ಕರಿ, ಅದರ ಮೇಲೆ ಬಿಳಿ ಅಕ್ಷರ, ಬೇರೆ ಏನೂ ಇಲ್ಲ. ಮಾಡಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆದು ಎಂಟರ್ ಒತ್ತಬೇಕು, ಅದು ಮಾಡುತ್ತದೆ. ಆ ಇಬ್ಬರು ನಗುತ್ತಿದ್ದರು. ಇವರು ಮೌಸಿನ ಕಡೆ ನೋಡಿ ಹೇಳುವರು, "ಎಳದು ಬಿಟ್ಟಿದ್ದು ಎಲ್ಲಿ ಬಿತ್ತು ಅಂತ ಎಳದೋನಿಗೇ ಗೊತ್ತಿರಂಗಿಲ್ಲ. ಬರೆದಿದ್ದು ಬರೆದಂಗೇ ಇರ್ತದ."

ಅವರಿಗೆ ಸಕ್ಕರೆ ಕಾಯಿಲೆ. ಕಣ್ಣಿಗೆ ಇಳಿಯಿತು. ಸಾವ್ಕಾರನಿಗೆ, ಅಂದರೆ ಅಂಗಡಿಯ ಮಾಲೀಕನಿಗೆ, ಹೇಳಿರಲಿಲ್ಲ. ಹೇಳಿದರೆ ಮನೆಗೆ ಕಳಿಸುತ್ತಾನೆ ಅನ್ನುವ ಹೆದರಿಕೆ. ಒಂದು ದಿನ ನಾನು ಮೇಜಿನ ಕೆಳಗೆ ಒರೆಸುತ್ತಿದ್ದಾಗ ಮೆಲ್ಲಗೆ ಕರೆದರು.

"ಅಕ್ಕಾ, ಈ ಸಾಲಿನ ಕೊನೆಗೆ ಏನೈತೆ ನೋಡ್ರಿ."

"ಒಂದು ಗೆರೆ ಐತ್ರಿ. ಗ್ವಾಡಿಗೆ ಒರಗಿಸಿದ ಕೋಲಿನಂಗೆ."

"ಹಾಂ, ಅದೇ. ಸಾಕು."

ಸಾಕು ಅಂದರು, ಆದರೆ ಸಾಕಾಗಲಿಲ್ಲ. ಮರುದಿನ ಎರಡು ಸಾಲು ಓದಿಸಿದರು. ವಾರಕ್ಕೆ ಕೈಯನ್ನೇ ಹಿಡಿದು ಬಟನ್ನಿನ ಮೇಲೆ ಇಟ್ಟರು. ನಾನು ಮೂರನೇ ತರಗತಿಯ ತನಕ ಹೋದವಳು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತೇನೆ. ಇಂಗ್ಲಿಷಿನ ಅಕ್ಷರ ಬಸ್ಸಿನ ನಂಬರ್ ಪ್ಲೇಟಿನಲ್ಲಿ ನೋಡಿದ್ದಷ್ಟೇ. ಆ ಡಿಗ್ರಿಯವರನ್ನು ಯಾಕೆ ಕರೆಯುವುದಿಲ್ಲ ಅಂತ ಕೇಳಿದೆ.

"ಓದಿದೋರು ಊಹೆ ಮಾಡ್ತಾರೆ. ನಾನು ಅರ್ಧ ಹೇಳೋದ್ರೊಳಗ ಅವರು ಪೂರಾ ಒತ್ತಿರ್ತಾರೆ. ನೀವು ಹೇಳಿದ್ದಷ್ಟೇ ಒತ್ತುತ್ತೀರಿ."

ಅದು ಹೊಗಳಿದ್ದೋ ತೆಗಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ಸಾವ್ಕಾರ ಹೊರಗೆ ಶೂಟಿಂಗಿಗೆ ಹೋದ ಕೂಡಲೇ ನನ್ನ ಕೈಯ ಬಟ್ಟೆ ಬಕೆಟ್ಟಿಗೆ, ನಾನು ಕುರ್ಚಿಗೆ. ಅವರು ಪಕ್ಕದ ಸ್ಟೂಲಿನಲ್ಲಿ ಕೂತು ಅಕ್ಷರ ಅಕ್ಷರ ಹೇಳುವರು. ಸಿ, ಪಿ ಅಂದರೆ ಇಲ್ಲಿರುವುದು ಇಲ್ಲೇ ಇದ್ದು ಅಲ್ಲಿಗೂ ಒಂದು ಹೋಗುತ್ತದೆ. ಎಂ, ವಿ ಅಂದರೆ ಇಲ್ಲಿಂದ ಎದ್ದು ಅಲ್ಲಿಗೆ ಹೋಗುತ್ತದೆ, ಇಲ್ಲಿ ಇರುವುದಿಲ್ಲ. ಎಲ್, ಎಸ್ ಅಂದರೆ ಒಳಗೆ ಏನೇನಿದೆ ತೋರಿಸು. ಫೋಟೋಗಳನ್ನು ಇಡುವ ಜಾಗಕ್ಕೆ ಅವರು ಗೂಡು ಅನ್ನುತ್ತಿದ್ದರು. ಹೊಸ ಗೂಡು ಮಾಡುವುದಕ್ಕೆ ಬೇರೆ ಸಾಲು, ಅದು ಉದ್ದ. ಎಲ್ಲ ಫೋಟೋವನ್ನೂ ಒಂದೇ ಸಲಕ್ಕೆ ಒಯ್ಯುವ ಒಂದು ಚುಕ್ಕಿಯೂ ಇತ್ತು, ನಕ್ಷತ್ರದ ಹಾಗೆ. ಅದನ್ನು ನನಗೆ ಮುಟ್ಟಗೊಡಲಿಲ್ಲ. "ಅದು ಬ್ಯಾಡ್ರಿ. ಅದು ಜಾತ್ರಿಗೆ ಬಂದ ಕಳ್ಳನಂಗೆ, ಸಿಕ್ಕಿದ್ದೆಲ್ಲಾ ಬಾಚಿ ಒಯ್ತದ. ನೀವು ಒಂದೊಂದೇ ಮಾಡ್ರಿ." ಒಂದೊಂದೇ. ಮುನ್ನೂರು ಫೋಟೋ ಇದ್ದರೂ ಒಂದೊಂದೇ.

ಅವರು ಕಾಪಿ ಮಾಡಿಸುವರು, ಎದ್ದು ಹೋಗುವ ಎಂ ವಿ ಮಾತ್ರ ಮಾಡಿಸುತ್ತಿರಲಿಲ್ಲ. ಮೊದಲು ಕಾಪಿ. ಆಮೇಲೆ ಈ ಕಡೆ ಎಷ್ಟು, ಆ ಕಡೆ ಎಷ್ಟು ಅಂತ ಎಣಿಕೆ. ಎರಡೂ ಸರಿಹೋದ ಮೇಲೆ ಒಂದು ದಿನ ಬಿಟ್ಟು ಈ ಕಡೆಯದನ್ನು ಅಳಿಸು. "ಒಂದೇ ಇದ್ರೆ ಇಲ್ಲ ಅಂತ ತಿಳೀರಿ" ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ. ನನಗೆ ಅದು ಮೈ ಉರಿಯುವ ಮಾತು. ನಲವತ್ತು ವರ್ಷ ಮಂದಿಯ ಮನೆ ಗುಡಿಸಿದವಳು ನಾನು. ಒಂದೇ ಸಾಮಾನು ಎರಡು ಕಡೆ ಬಿದ್ದಿದ್ದರೆ ನನ್ನ ಕಣ್ಣಿಗೆ ಅದು ಕಸವೇ. ಒಯ್ದಮೇಲೆ ಇಲ್ಲಿ ಖಾಲಿಯಾಗಬೇಕು. ಅದಕ್ಕಲ್ಲವೇ ಒಯ್ಯುವುದು?

ಇನ್ನೊಂದು, ಆ ಒರಗಿದ ಗೆರೆ. ಗೂಡಿನ ಹೆಸರು ಬರೆದ ಮೇಲೆ ಕೊನೆಗೆ ಆ ಗೆರೆ ಹಾಕಬೇಕು. ಹಾಕದಿದ್ದರೂ ಕೆಲಸ ನಡೆಯುತ್ತಿತ್ತು, ನಾನು ಎರಡು ಸಲ ಕದ್ದು ನೋಡಿದ್ದೆ. ಆದರೂ ಪ್ರತಿ ಸಾಲಿಗೂ ಕೇಳುವರು, "ಗೆರೆ ಹಾಕಿದ್ರಾ?" "ಹಾಕೀನ್ರಿ." "ನೋಡಿ ಹೇಳ್ರಿ." "ನೋಡೀನ್ರಿ." ಯಾಕೆ ಬೇಕು ಅಂತ ಕೇಳಿದರೆ, "ಬೇಕು" ಅನ್ನುವರು.

ಆ ಯಂತ್ರದ ಗುಣವೂ ಹಾಗೇ. ಕೆಲಸ ಸರಿಯಾದರೆ ತುಟಿ ಬಿಚ್ಚುವುದಿಲ್ಲ. ತಪ್ಪಿದರೆ ಮಾತ್ರ ಒಂದು ಸಾಲು ಬೈಯುತ್ತದೆ. ಮೊದಮೊದಲು ನನಗೆ ಅದು ಸತ್ತೇಹೋಯಿತೇನೋ ಅನ್ನಿಸುತ್ತಿತ್ತು. "ಸುಮ್ಮನಿದ್ರೆ ಚಲೋ ಅಂತ ತಿಳೀರಿ" ಅಂದಿದ್ದರು. ನಾನು ತಿಳಿದುಕೊಂಡೆ.

ಈಗ ಕೊಂಡಜ್ಜಿಯವಳ ವಿಷಯ. ಮೂರು ವರ್ಷದ ಹಿಂದೆ ಹರಿಹರದಲ್ಲಿ ಅವಳ ಮದುವೆಯಾಗಿತ್ತು, ನಮ್ಮ ಸ್ಟುಡಿಯೋದವರೇ ಫೋಟೋ ತೆಗೆದಿದ್ದರು. ಈಗ ಗಂಡ ಅನ್ನಿಸಿಕೊಂಡವನು ಬೇರೆ ಕಡೆ ಹೆಣ್ಣು ನೋಡುತ್ತಿದ್ದ. ಕೇಳಿದರೆ ನಮ್ಮದು ಮದುವೆಯೇ ಆಗಿಲ್ಲ, ಬರೀ ಮಾತುಕತೆ ಆಗಿತ್ತು ಅಂದನಂತೆ. ರಿಜಿಸ್ಟರ್ ಮಾಡಿಸಿರಲಿಲ್ಲ. ಆಲ್ಬಮ್ಮು, ಸಿಡಿ ಎಲ್ಲ ಅವನ ಮನೆಯಲ್ಲಿ. ಸೋಮವಾರ ಕೋರ್ಟಿನ ವಾಯಿದೆ. ತಾಳಿ ಕಟ್ಟುವುದರಿಂದ ಹಿಡಿದು ಊಟದ ಪಂಕ್ತಿಯ ತನಕ ಅಸಲು ಫೋಟೋ ಬೇಕು ಅಂತ ವಕೀಲರು ಹೇಳಿದ್ದರು.

ಗುರುವಾರ ಆಪರೇಟರು ಹುಡುಕಿ ನಂಬರು ಗುರುತು ಮಾಡಿ, ಕೊಂಡಜ್ಜಿಯ ಇಂಗ್ಲಿಷ್ ಅಕ್ಷರವನ್ನೂ ಒಂದು ಚೀಟಿಯಲ್ಲಿ ನನ್ನಿಂದ ಬರೆಸಿಟ್ಟರು. ನೂರಾ ಹನ್ನೆರಡರಿಂದ ನೂರಾ ಐವತ್ತೆರಡು. ನಲವತ್ತೊಂದು. ಶುಕ್ರವಾರ ಮಧ್ಯಾಹ್ನದ ತನಕ ಅವರಿಗೆ ಕಣ್ಣಿನ ಆಸ್ಪತ್ರೆ ಇತ್ತು. "ನಾನು ಬಂದಮೇಲೆ ಮಾಡೋಣ. ಕೊಂಡಜ್ಜಿ ಅಂತ ಒಂದು ಗೂಡು ಮಾಡಿ ಅದರಾಗ ಹಾಕಿ ಕೊಡೋಣ" ಅಂದು ಹೋದರು.

ಶುಕ್ರವಾರ ಹನ್ನೊಂದಕ್ಕೇ ಅವಳು ಅಣ್ಣನ ಜೊತೆ ಬಂದು ಕೂತಳು. ಅಣ್ಣ ಪೆನ್‌ಡ್ರೈವ್ ಕೊಟ್ಟು ಹೊರಗೆ ಯಾರನ್ನೋ ನೋಡಲು ಹೋದ. ಸಾವ್ಕಾರ ಊರಲ್ಲಿಲ್ಲ. ಆ ಇಬ್ಬರು ಡಿಗ್ರಿಯವರೂ ಅವನ ಜೊತೆಗೇ ಹೋಗಿದ್ದರು. ಅವಳು ಬೆಂಚಿನ ಮೇಲೆ ಸೆರಗಿನ ಅಂಚು ಸುರುಳಿ ಸುತ್ತುತ್ತಾ ಕೂತಿದ್ದಳು.

"ಅಜ್ಜಿ, ಅವೆಲ್ಲಾ ಅದಾವಾ, ಅಳಿಸಿ ಹೋಗ್ಯಾವಾ?"

"ಅದಾವು. ಎಲ್ಲಿ ಹೋಗ್ತಾವು?"

"ಇಲ್ಲದಿದ್ರೆ ನಾನು ಅವನ ಮನ್ಯಾಗ ಮೂರು ವರ್ಷ ಏನಂತ ಇದ್ದೆ ಅಂತ ಕೇಳ್ತಾರಂತೆ ಅಜ್ಜಿ, ವಕೀಲರು."

ಅದನ್ನು ಕೇಳಿ ನನಗೆ ತಡೆಯಲಿಲ್ಲ. ಆ ಮನುಷ್ಯ ಆಸ್ಪತ್ರೆಯಿಂದ ಎಷ್ಟೊತ್ತಿಗೆ ಬರುತ್ತಾರೋ, ಬಂದರೆ ಎಣಿಸಿ ಎಣಿಸಿ ಸಂಜೆ ಮಾಡುತ್ತಾರೆ. ಸಾಲು ನನಗೆ ಬಾಯಿಪಾಠ. ಕುರ್ಚಿಯಲ್ಲಿ ಕೂತೆ. ಕೂತಾಗ ನನಗೆ ಹಮ್ಮು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಎದ್ದು ಬಂದು ಬೆನ್ನ ಹಿಂದೆ ನಿಂತು, "ನಿಮಗಿದು ಬರ್ತದಾ ಅಜ್ಜಿ?" ಅಂದಳು. "ಬರದೇ ಏನು" ಅಂದೆ.

ಕಾಪಿ ಮಾಡಿ, ಎಣಿಸಿ, ಅಳಿಸಿ, ಅಷ್ಟು ಯಾರು ಮಾಡುತ್ತಾರೆ ಅಂತ ಎಂ, ವಿ ಒತ್ತಿದೆ. ನೂರಾ ಹನ್ನೆರಡು. ಕೊಂಡಜ್ಜಿ. ಒರಗಿದ ಗೆರೆ ಬಿಟ್ಟೆ, ಇವತ್ತು ಕೇಳುವವರಿಲ್ಲವಲ್ಲ ಅಂತ. ಎಂಟರ್. ಯಂತ್ರ ಸುಮ್ಮನಿತ್ತು. ಮೇಲಿನ ಬಾಣ ಒತ್ತಿದರೆ ಹಿಂದಿನ ಸಾಲೇ ಮತ್ತೆ ಬರುತ್ತದೆ, ನಂಬರಿನ ಕೊನೆಯ ಅಂಕಿ ಬದಲಿಸಿದರೆ ಸಾಕು. ನೂರಾ ಹದಿಮೂರು. ಸುಮ್ಮನಿತ್ತು. ನೂರಾ ಹದಿನಾಲ್ಕು. ನಲವತ್ತೊಂದು ಸಲ ಸುಮ್ಮನಿತ್ತು. ಬೆರಳು ನೋವು ಬಂತು. "ಆಯ್ತು ನೋಡವ್ವ" ಅಂದೆ. ಪೆನ್‌ಡ್ರೈವಿಗೆ ಹಾಕುವುದನ್ನು ಮಾತ್ರ ಅವರು ಬಂದಮೇಲೆ ಮಾಡಲಿ ಅಂತ ಬಿಟ್ಟೆ.

ಎರಡು ಗಂಟೆಗೆ ಬಂದರು, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು. ನಾನೇ ಮಾಡಿದೆ ಅಂತ ಹೇಳಿದೆ. ಚೀಲ ಕೆಳಗಿಟ್ಟು ಸ್ಟೂಲಿನಲ್ಲಿ ಕೂತರು.

"ಕೊಂಡಜ್ಜಿ ಒಳಗ ಏನೈತೆ, ಎಲ್ ಎಸ್ ಒತ್ತಿ ಓದ್ರಿ."

ಒತ್ತಿದೆ. "ಕೊಂಡಜ್ಜಿ ಅಂತ ಬಂತ್ರಿ."

"ಅದು ಗೂಡಿನ ಹೆಸರು. ಒಳಗ ಏನೈತೆ?"

"ಕೊಂಡಜ್ಜಿ ಅಂತನೇ ಐತ್ರಿ. ಬ್ಯಾರೆ ಏನಿಲ್ಲ."

ಅವರು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಗೂಡು ಮಾಡಿದ್ರಾ, ಮೊದಲು?"

ಗೂಡು ಮಾಡಿರಲಿಲ್ಲ. ಗೂಡು ಮಾಡುವ ಸಾಲು ಯಾವಾಗಲೂ ಅವರು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಅವರಿಲ್ಲ ಅಂದಮೇಲೆ ಅದು ನನ್ನ ನೆನಪಿಗೇ ಬರಲಿಲ್ಲ.

ಅವರು ನನಗೆ ಬಿಡಿಸಿ ಹೇಳಿದರು, ಕೂಸಿಗೆ ಹೇಳುವ ಹಾಗೆ. ಕೊಂಡಜ್ಜಿ ಅನ್ನುವ ಗೂಡೇ ಇಲ್ಲದ್ದರಿಂದ ಯಂತ್ರ ಮೊದಲನೇ ಫೋಟೋಕ್ಕೆ ಕೊಂಡಜ್ಜಿ ಅಂತ ಹೆಸರಿಟ್ಟು ಬಿಟ್ಟಿತು. ಎರಡನೆಯದು ಬಂತು, ಮೊದಲನೆಯದನ್ನು ನುಂಗಿ ತಾನು ಕೊಂಡಜ್ಜಿ ಆಯಿತು. ಮೂರನೆಯದು ಎರಡನೆಯದನ್ನು ನುಂಗಿತು. ಹಾಗೆ ನಲವತ್ತು ಫೋಟೋ ಒಂದರ ಹೊಟ್ಟೆಯಲ್ಲಿ ಒಂದು ಹೋಗಿ, ಕೊನೆಯದೊಂದು ಉಳಿದಿತ್ತು. ಆ ಒರಗಿದ ಗೆರೆ ಹಾಕಿದ್ದರೆ ಮೊದಲನೇ ಸಲವೇ ಇಂಥ ಗೂಡು ಇಲ್ಲ ಅಂತ ಬೈದು ನಿಲ್ಲಿಸುತ್ತಿತ್ತಂತೆ. ಒಂದು ವರ್ಷದಿಂದ ಯಾಕೆ ಅಂತ ಕೇಳಿದ್ದಕ್ಕೆ ಅವತ್ತು ಉತ್ತರ ಕೊಟ್ಟ ಮಹಾನುಭಾವ.

ಉಳಿದ ಒಂದು ಫೋಟೋವನ್ನು ಪಕ್ಕದ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ಊಟದ ಪಂಕ್ತಿ. ಯಾರೋ ಒಬ್ಬ ಮುದುಕ ಹೋಳಿಗೆ ಸಾಕು ಅಂತ ಎಲೆಯ ಮೇಲೆ ಕೈ ಅಡ್ಡ ಹಿಡಿದಿದ್ದ. ಮದುಮಗಳೂ ಇಲ್ಲ, ಮದುಮಗನೂ ಇಲ್ಲ.

"ಬೈದುಬಿಡ್ರಿ" ಅಂದೆ.

"ಬೈದ್ರೆ ಬರ್ತಾವೇನು?"

"ಬರಂಗಿಲ್ಲ. ಆದ್ರೂ ಬೈರಿ."

ಬೈಯಲಿಲ್ಲ. ಬಾಣದ ಬಟನ್ ಒತ್ತಿಸಿ ನಲವತ್ತೊಂದು ಸಾಲನ್ನೂ ಹಿಂದಿನಿಂದ ಮುಂದಕ್ಕೆ ಜೋರಾಗಿ ಓದಿಸಿದರು. ಎಲ್ಲಾದರೂ ಒಂದರಲ್ಲಿ ಬೇರೆ ಹೆಸರು ಇದೆಯೋ ಅಂತ. ಬೆಂಚಿನ ಮೇಲೆ ಅವಳು ಕೂತಿದ್ದಾಳೆ, ಕೇಳುತ್ತಿದ್ದಾಳೆ, ನಾನು ಓದುತ್ತಿದ್ದೇನೆ. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಬೇಕಾಗಿತ್ತು. ಆಮೇಲೆ ಎದ್ದು ಅವಳ ಹತ್ತಿರ ಹೋಗಿ, "ಇವತ್ತು ಆಗಂಗಿಲ್ಲವ್ವ. ನಾಳೆ ಹತ್ತಕ್ಕೆ ಬರ್ರಿ. ಪೂರಾ ಕೊಡ್ತೀನಿ" ಅಂದರು. ಬಾಯಿಗೆ ಬಂದದ್ದು ಹೇಳಿ ಸಾಗಹಾಕುತ್ತಿದ್ದಾರೆ ಅಂದುಕೊಂಡೆ.

ಮರುದಿನ ಶನಿವಾರ ಅವರ ಚೀಲದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಒಂದು ಡಿಸ್ಕು ಇತ್ತು, ಇಟ್ಟಿಗೆಯ ಅರ್ಧದಷ್ಟು. ವರ್ಷಗಳಿಂದ ಅಂಗಡಿಯ ಒಂದೊಂದು ಮದುವೆಯನ್ನೂ ಕಾಪಿ ಮಾಡಿಕೊಂಡು ಹರಿಹರದ ಮನೆಗೆ ಒಯ್ದು ಇಟ್ಟಿದ್ದರು. ಯಾರಿಗೂ ಹೇಳಿರಲಿಲ್ಲ. ಗಿರಾಕಿಯ ಫೋಟೋ ಹೊಸಿಲು ದಾಟಬಾರದು ಅನ್ನುವುದು ಸಾವ್ಕಾರನ ಮೊದಲನೇ ಕಟ್ಟಳೆ. ಅದು ಸರಿಯಾದ ಕಟ್ಟಳೆ ಅಂತ ನಾನೂ ಹೇಳುತ್ತೇನೆ.

"ಯಾರಾದ್ರೂ ಕೇಳಿದ್ರೆ ಈ ಯಂತ್ರದಾಗೇ ಸಿಕ್ತು ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ.

"ಕೋರ್ಟಿನಾಗ ಎಲ್ಲಿತ್ತು ಅಂತ ಕೇಳ್ತಾರಕ್ಕಾ. ಇದ್ದದ್ದು ಹೇಳ್ಬೇಕು."

"ಕೋರ್ಟಿನಾಗ ಕೇಳಿದಾಗ ಹೇಳ್ರಿ. ಇಲ್ಲಿ ಯಾಕ?"

"ಒತ್ರಿ, ಸಿ, ಪಿ."

ಹತ್ತಕ್ಕೆ ಅಣ್ಣ ತಂಗಿ ಬಂದರು. ಸಾವ್ಕಾರನೂ ಬಂದ. ನಾನು ಅಷ್ಟರಲ್ಲಿ ಕುರ್ಚಿ ಬಿಟ್ಟು ಬಕೆಟ್ ಹಿಡಿದಿದ್ದೆ. ನಲವತ್ತೊಂದೂ ಪೆನ್‌ಡ್ರೈವಿನಲ್ಲಿದ್ದವು. ಪಕ್ಕದ ಪರದೆಯ ಮೇಲೆ ಒಂದೊಂದಾಗಿ ಬಂದವು, ತಾಳಿ ಕಟ್ಟಿದ್ದು, ಅಕ್ಕಿಕಾಳು ಬಿದ್ದದ್ದು. ಆ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನೋಡಿದಳು. ಅಣ್ಣನಿಗೆ ಮಾತ್ರ ನಿನ್ನೆ ಇಲ್ಲದ್ದು ಇವತ್ತು ಹೇಗೆ ಬಂತು ಅಂತ ಅನುಮಾನ.

"ಇವು ಎಲ್ಲಿದ್ವು?"

"ನಮ್ಮ ಮನ್ಯಾಗ" ಅಂದರು ಆಪರೇಟರು.

"ನಿಮ್ಮ ಮನ್ಯಾಗ? ನಮ್ಮ ಹುಡುಗಿ ಫೋಟೋ ನಿಮ್ಮ ಮನ್ಯಾಗ ಯಾಕ ಇರ್ತಾವ್ರಿ?"

"ಇಲ್ಲೀದು ಕೈ ಕೊಟ್ರೆ ಇರ್ಲಿ ಅಂತ ಇಟ್ಟಿದ್ದೆ."

"ಯಾರನ್ನ ಕೇಳಿ ಒಯ್ದ್ರಿ?"

"ಯಾರನ್ನೂ ಕೇಳಿಲ್ಲ."

"ಅಣ್ಣಾ, ಸಿಕ್ಕಾವಲ್ಲ, ನಡಿ" ಅಂದಳು ಹುಡುಗಿ.

"ನೀನು ಸುಮ್ನಿರು. ಇವತ್ತು ನಿನ್ನ ಫೋಟೋ ಐತೆ, ನಾಳೆ ಇನ್ಯಾರದೋ."

ಸಾವ್ಕಾರನ ಮುಖ ಸುಣ್ಣ ಬಳಿದ ಹಾಗಾಗಿತ್ತು. "ಎಷ್ಟು ಮದುವಿ ಒಯ್ದೀರಿ?"

"ಎಲ್ಲಾನೂ."

"ಇಲ್ಲಿದ್ದಿದ್ದನ್ನ ಅಳಿಸಿದ್ದು ಯಾರು?"

"ನಾನೇ. ಕಣ್ಣು ಕಾಣಲಿಲ್ಲ."

ನಾನು ಬಕೆಟ್ ಹಿಡಿದುಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ. ಹುಡುಗಿ ನನ್ನ ಕಡೆ ನೋಡಿದಳು. ಒತ್ತಿದ್ದು ಯಾರು ಅಂತ ಅವಳಿಗೆ ಗೊತ್ತಿತ್ತು, ಬೆನ್ನ ಹಿಂದೆ ನಿಂತು ನೋಡಿದ್ದಳು. ಅವಳೂ ಬಾಯಿ ಬಿಡಲಿಲ್ಲ.

ಸಾವ್ಕಾರ ಕೂಗಾಡಲಿಲ್ಲ. ಊರಲ್ಲಿ ಇದು ಗೊತ್ತಾದರೆ ಯಾರು ನಮ್ಮ ಕೈಯಲ್ಲಿ ಹೆಣ್ಣುಮಕ್ಕಳ ಫೋಟೋ ತೆಗೆಸುತ್ತಾರೆ ಅಂದ. ಅವತ್ತಿಗೇ ಕೆಲಸ ಬಿಡಿಸಿದ. ಮನೆಯಲ್ಲಿರುವುದನ್ನೆಲ್ಲ ಅಳಿಸುತ್ತೇನೆ ಅಂತ ಆ ಅಣ್ಣನ ಎದುರಿಗೆ ಮಾತು ತಗೊಂಡ. ಇವರು ಕೊಟ್ಟರು. ಕೋರ್ಟು ಕಚೇರಿಗೆ ನಮ್ಮನ್ನು ಎಳೆಯುವುದು ಬೇಡ ಅಂತ ಅಂಗಡಿಯಲ್ಲಿ ಉಳಿದಿದ್ದ ಆ ಮದುವೆಯ ಬೇರೆ ಫೋಟೋಗಳನ್ನೂ ಡಿಗ್ರಿಯವರಿಗೆ ಹೇಳಿ ತೆಗೆಸಿಹಾಕಿದ. ಆ ಮದುವೆ ನಡೆದದ್ದಕ್ಕೆ ಈಗ ಇದ್ದದ್ದು ಆ ಅಣ್ಣನ ಅಂಗಿಯ ಕಿಸೆಯಲ್ಲಿ ಒಂದು ಪೆನ್‌ಡ್ರೈವ್, ಹರಿಹರದ ಆ ಡಿಸ್ಕು. ಅಷ್ಟೇ.

ಬಸ್ ಸ್ಟಾಂಡಿನ ತನಕ ನಾನು ಅವರ ಕೊಡೆ ಹಿಡಿದು ಹೋದೆ. ದಾರಿಯುದ್ದಕ್ಕೂ ಬೈದೆ. ಕೇಳದೇ ಯಾಕೆ ನನ್ನ ತಪ್ಪು ಮೈಮೇಲೆ ಹಾಕಿಕೊಂಡಿರಿ, ನಾನೇನು ನಿಮ್ಮನ್ನು ಬೇಡಿದ್ದೆನಾ ಅಂದೆ. ಸೋಮವಾರ ಸಾವ್ಕಾರನಿಗೆ ನಾನೇ ಹೇಳುತ್ತೇನೆ ಅಂದೆ.

"ಹೇಳ್ರಿ. ಅಳಿಸಿದೋರು ಯಾರು ಅನ್ನೋ ಮಾತು ಬದಲಾಗ್ತದ. ಮನಿಗೆ ಒಯ್ದೋನು ನಾನೇ ಅಲ್ಲ?" ಬಸ್ಸು ಬಂತು. ಹತ್ತುವಾಗ ತಿರುಗಿ, "ನಾಳೆ ಮುಂಜಾನೆ ಮನಿಗೆ ಬರ್ರಿ. ಡಿಸ್ಕಿನಾಗ ನನ್ನ ಸ್ವಂತದ್ದೂ ಕಲಸಿ ಐತೆ. ಒಂದೊಂದೇ ಓದಿ ಅಳಿಸ್ಬೇಕು. ನನಗೆ ಕಾಣಂಗಿಲ್ಲ" ಅಂದರು.

ಕೆಲಸ ಹೋದ ದಿನವೂ ನನಗೆ ಕೆಲಸ ಹೇಳಿಯೇ ಹೋದರು.

ಆ ಕೇಸು ಎರಡು ವರ್ಷ ಎಳೆದು ಅವಳ ಕಡೆ ಆಯಿತು ಅಂತ ಆಮೇಲೆ ಕೇಳಿದೆ. ಇವರ ಕಣ್ಣು ಅಷ್ಟರಲ್ಲಿ ಪೂರ್ತಿ ಹೋಗಿತ್ತು. ಸಾವ್ಕಾರನಿಗೆ ನಾನು ಸೋಮವಾರ ಹೇಳಿದೆ. ಅವನು ನಕ್ಕ. ಓದು ಬಾರದ ಮುದುಕಿ ಕಂಪ್ಯೂಟರ್ ಒತ್ತಿದಳು ಅಂತ ಯಾರು ನಂಬುತ್ತಾರೆ? ನಾನೂ ಎರಡನೇ ಸಲ ಹೇಳಲಿಲ್ಲ. ಅದೆಲ್ಲ ಆಮೇಲಿನ ಮಾತು. ಭಾನುವಾರ ಮುಂಜಾನೆ ಏನಾಯಿತು ಅನ್ನುವುದನ್ನು ಮಾತ್ರ ನಾನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಅವರಿಗೂ ಹೇಳಲಿಲ್ಲ.

ಏಳೂವರೆಗೆ ಹರಿಹರಕ್ಕೆ ಹೋದೆ. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಮನೆ. ಅವರ ಹೆಂಡತಿ ಅವಲಕ್ಕಿ ಕೊಟ್ಟು, "ಬರ್ರಿ, ಇವರ ಕೈಗೆ ಸಿಕ್ಕೀರಿ. ನನ್ನ ತಾಳಿಗೂ ಇನ್ನೊಂದು ಮಾಡ್ಸಿ ಟ್ರಂಕಿನಾಗ ಇಟ್ಟಾರೆ. ಒಂದೇ ಇದ್ರೆ ಇಲ್ಲ ಅಂತೆ" ಅಂದರು. ಆಪರೇಟರು ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಅದೇ ಕರಿ ಪರದೆ. ಇಲ್ಲಿ ಗೂಡುಗಳಿಗೆ ಹೆಣ್ಣಿನ ಊರಿನ ಹೆಸರು, ಎಡಗಡೆ ಸಾಲಾಗಿ.

ಕೂರುವ ಮುಂಚೆ ಹೇಳಿದೆ. "ಕೊಂಡಜ್ಜಿದು ಒಂದು ಬಿಡ್ರಿ. ನಾಳೆ ಕೋರ್ಟು. ಆ ಪೆನ್‌ಡ್ರೈವ್ ಅಂಗಿ ಕಿಸೆಯಾಗೈತೆ, ಅಂಗಿ ಒಗ್ಯಾಕ ಬಿದ್ರೆ?"

"ಮಾತು ಕೊಟ್ಟೀನಲ್ಲ."

"ನಿಮ್ಮ ಮಾತು ದೊಡ್ಡದೋ, ಆ ಹುಡುಗಿ ಬಾಳು ದೊಡ್ಡದೋ?"

"ಆ ಹುಡುಗಿ ಅಣ್ಣಗೇ ಮಾತು ಕೊಟ್ಟಿದ್ದು, ಅಕ್ಕಾ. ಅದು ಅವರ ಫೋಟೋ. ಕೂಡ್ರಿ."

ಕೂತೆ. ಗೂಡನ್ನೇ ಅಳಿಸಿಹಾಕುವ ಸಾಲು ಹೇಳಿಕೊಟ್ಟರು: ಆರ್, ಎಂ, ಜಾಗ ಬಿಡು, ಅಡ್ಡಗೆರೆ, ಆರ್, ಜಾಗ ಬಿಡು, ಊರಿನ ಹೆಸರು. ನಾನು ಊರು ಓದುವುದು, ಅವರು ಯಾವ ಮದುವೆ ಅಂತ ನೆನೆಸಿಕೊಂಡು "ಹಾಂ, ಅದು ಹೋಗ್ಲಿ" ಅನ್ನುವುದು. ಒಂದರಲ್ಲಿ ಮಳೆ ಬಂದು ಮದುಮಗನ ಪೇಟ ಬಣ್ಣ ಬಿಟ್ಟಿತ್ತಂತೆ. ಒಂದರಲ್ಲಿ ಹೆಣ್ಣಿನ ತಂಗಿ ಎಲ್ಲ ಫೋಟೋದಲ್ಲೂ ನಡುವೆ ಬಂದು ನಿಂತಿದ್ದಳಂತೆ. ಎಂಟರ್. ಇಪ್ಪತ್ತು, ಮೂವತ್ತು ಊರು ಹೋದವು. ಅವರ ಕೈ ಮೊಣಕಾಲ ಮೇಲೆ ಇತ್ತು, ಅಲ್ಲಾಡಲಿಲ್ಲ.

ಕೊಂಡಜ್ಜಿ ಬಂತು. ಓದಿದೆ. ಅವರು ಸ್ವಲ್ಪ ತಡೆದು ಅಕ್ಷರ ಒಂದೊಂದಾಗಿ ಹೇಳಿದರು. ನಾನು ಒಂದೊಂದಾಗಿ ಒತ್ತಿದೆ, ಒಂದೂ ಬಿಡದೆ. ಸಾಲು ಪೂರಾ ಆದಮೇಲೆ ಅಕ್ಷರ ತಿನ್ನುವ ಬಟನ್ನಿನ ಮೇಲೆ ಬೆರಳು ಒತ್ತಿ ಹಿಡಿದೆ, ಸಾಲು ಮೊದಲಿನ ತನಕ ಖಾಲಿಯಾಗುವವರೆಗೆ. ಖಾಲಿ ಸಾಲಿನ ಮೇಲೆ ಎಂಟರ್ ಹೊಡೆದೆ, ಅವರಿಗೆ ಕೇಳಲಿ ಅಂತ ಜೋರಾಗಿ.

"ಹೋತಾ?" ಅಂದರು.

"ಹೋತ್ರಿ" ಅಂದು ಮುಂದಿನ ಊರು ಓದಿದೆ.